ಪೊರೋಶಾ ತಳಿಯ ನೀಲಿ ಗಿಡಗಳು

ತಾಲೊವ್ಕಾದ ತಳಿ ಕೇಂದ್ರದಲ್ಲಿ ಕಪಿತೊಲೀನಾ ಸವೇಲ್ಯೆವ್ನಾಳ ಕೆಲಸ ಬೆರಕೆ ಗಿಡ ಕೀಳುವುದು. ಕಾಗದದ ಮೇಲೆ ಅವಳ ಹುದ್ದೆಗೆ ಉದ್ದನೆಯ ಹೆಸರೊಂದು ಇತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಜುಲೈ ಮೊದಲ ವಾರ ಅಗಸೆ ಹೂಬಿಟ್ಟಿತೆಂದರೆ ಬೆಳಿಗ್ಗೆ ಆರಕ್ಕೆಲ್ಲ ಅವಳು ಮಡಿಗಳ ನಡುವೆ ಇರಬೇಕು. ಅಗಸೆ ಹೂವಿನ ಆಯಸ್ಸು ಅರ್ಧ ದಿನ. ಹನ್ನೊಂದು ದಾಟಿತೋ, ಎಸಳೆಲ್ಲ ಉದುರಿ ಬಿಳಿ ಹೂವಿನ ಗಿಡವೂ ನೀಲಿ ಹೂವಿನ ಗಿಡವೂ ಒಂದೇ ಹಸಿರು. ಅಷ್ಟರೊಳಗೆ ಬಿಳಿಯ ಮಡಿಯಲ್ಲಿ ತಲೆಯೆತ್ತಿದ ನೀಲಿಯನ್ನು ಹುಡುಕಿ, ಬೇರುಸಮೇತ ಕಿತ್ತು, ಬಗಲ ಚೀಲಕ್ಕೆ ಹಾಕಿಕೊಳ್ಳಬೇಕು. ಅಲ್ಲೇ ಬಿಸಾಡುವಂತಿಲ್ಲ, ಬಿಸಾಡಿದ್ದೂ ಕಾಳು ಕಟ್ಟಿಬಿಡುತ್ತದೆ. ಇಪ್ಪತ್ತೇಳು ವರ್ಷ ಅವಳು ಹೀಗೆ ಕಿತ್ತಿದ್ದಳು. ಊರಿನ ಬಾಯಲ್ಲಿ ಅವಳು ಬರೀ ಕಾಪಾ. ಕಾಪಾ ಒಮ್ಮೆ ನಡೆದ ಸಾಲಿನಲ್ಲಿ ಬೆರಕೆ ಗಿಡ ಸಿಕ್ಕರೆ ನನ್ನ ಮೀಸೆ ಬೋಳಿಸುತ್ತೇನೆ ಎಂದು ಟ್ರ್ಯಾಕ್ಟರಿನವನು ಪಂಥ ಕಟ್ಟುತ್ತಿದ್ದ. ಆ ಮೀಸೆ ಇನ್ನೂ ಹಾಗೇ ಇತ್ತು.

ಕೀಳುವುದನ್ನು ಅವಳಿಗೆ ಕಲಿಸಿದವರು ವೆನಿಯಮೀನ್ ಲುಕೀಚ್. ಕೇಂದ್ರದ ಅಗಸೆ ವಿಭಾಗ ಎಂದರೆ ಅವರೇ, ಅವರಾದ ಮೇಲೆ ಇವಳು. ಹದಿನಾಲ್ಕು ವರ್ಷ ಇಬ್ಬರೂ ಒಂದೇ ತಳಿಯ ಬೆನ್ನು ಹತ್ತಿದ್ದರು. ಸೊರಗು ರೋಗದ ಮಣ್ಣನ್ನೇ ತಂದು ತುಂಬಿದ ಮಡಿಯಲ್ಲಿ ಬಿತ್ತಿ, ಸತ್ತದ್ದು ಸಾಯಲಿ ಎಂದು ಬಿಟ್ಟು, ಬದುಕಿದ್ದನ್ನು ಆರಿಸಿ, ಮತ್ತೆ ಅದೇ ಕೆಟ್ಟ ಮಣ್ಣಿಗೆ ಹಾಕಿ ಸೋಸಿ ತೆಗೆದ ತಳಿ ಅದು. ಹಳೆಯ ತಳಿಗಳು ಮಾಗುವುದಕ್ಕೆ ತೊಂಬತ್ತೈದು ದಿನ ತಿನ್ನುತ್ತಿದ್ದವು. ಅಷ್ಟು ಹೊತ್ತಿಗೆ ನಮ್ಮ ಸೈಬೀರಿಯಾದ ಆಕಾಶ ಕೈಕೊಟ್ಟು, ಕಾಯಿಯ ಮೇಲೆ ಹಿಮ ಬೀಳುತ್ತಿತ್ತು. ಇದು ಎಂಬತ್ತಮೂರು ದಿನಕ್ಕೆ ಸಿದ್ಧ. ಮೊಣಕಾಲಿಗಿಂತ ಒಂದು ಗೇಣು ಎತ್ತರ, ಗಾಳಿಗೆ ನೆಲ ಹಿಡಿಯದು. ಕಾಯಿ ಒಟ್ಟಿಗೇ ಮಾಗುತ್ತದೆ, ಬಿರಿದು ಕಾಳು ಚೆಲ್ಲದು. ಕಾಳಿನಲ್ಲಿ ನೂರಕ್ಕೆ ನಲವತ್ತಾರು ಪಾಲು ಎಣ್ಣೆ. ಹೂವು ಅಚ್ಚ ಬಿಳಿ. ವೆನಿಯಮೀನ್ ಲುಕೀಚ್ ಅದಕ್ಕೆ ಪೊರೋಶಾ ಎಂದು ಹೆಸರಿಟ್ಟರು. ಗಾಳಿಯಿಲ್ಲದೆ ಹೊಸದಾಗಿ ಬಿದ್ದ ತೆಳು ಹಿಮಕ್ಕೆ ನಮ್ಮಲ್ಲಿ ಆ ಹೆಸರು.

ಹೆಸರಿಟ್ಟ ಮೇಲೆ ಉಳಿದದ್ದು ಒಂದೇ. ತಳಿ ಆಯೋಗಕ್ಕೆ ಅರ್ಜಿ ಹಾಕಬೇಕು, ಎರಡು ಕಿಲೋ ಬೀಜ ಕಳಿಸಬೇಕು, ಅವರು ತಮ್ಮ ಮಡಿಯಲ್ಲಿ ಬಿತ್ತಿ ನೋಡಬೇಕು. ಹೇಳಿದ ಲಕ್ಷಣಗಳೆಲ್ಲ ಗಿಡದಲ್ಲಿ ಇದ್ದರೆ, ಎಲ್ಲ ಗಿಡವೂ ಒಂದೇ ತರ ಇದ್ದರೆ, ತಳಿ ದಾಖಲೆಗೆ ಹೋಗುತ್ತದೆ. ತಳಿ ಕಂಡುಹಿಡಿದವರ ಹೆಸರಿನಲ್ಲಿ ಪ್ರಮಾಣಪತ್ರ ಬರುತ್ತದೆ. ಆ ಹೆಸರೇ ಅವಳಿಗೆ ಬೇಕಾಗಿದ್ದದ್ದು, ತನ್ನದಲ್ಲ, ಅವರದು. ಏಕೆಂದರೆ ಇದಕ್ಕೆ ಮುಂಚೆ ಅವರು ಎರಡು ತಳಿ ಕೊಟ್ಟಿದ್ದರು. ಮೊದಲನೆಯದರ ಪ್ರಮಾಣಪತ್ರದಲ್ಲಿ ಆಗಿನ ನಿರ್ದೇಶಕನದು ಮೊದಲ ಹೆಸರು, ಅಗಸೆಯನ್ನೂ ಸಾಸಿವೆಯನ್ನೂ ಬೇರೆ ಮಾಡಲಾರದ ಪಕ್ಷದ ಕಾರ್ಯದರ್ಶಿಯದು ಎರಡನೆಯದು, ಇವರದು ಮೂರನೆಯದು. ಎರಡನೆಯ ತಳಿಯಲ್ಲಿ ಇವರ ಹೆಸರೇ ಇರಲಿಲ್ಲ. ಬೆರಳಚ್ಚಿನಲ್ಲಿ ಬಿಟ್ಟುಹೋಯಿತಂತೆ. ಕಾಪಾ ಕೂಗಾಡಿದ್ದಳು. ಅವರು ಮಾತ್ರ ಕನ್ನಡಕ ಒರೆಸುತ್ತ, "ಹೋಗ್ಲಿ ಬಿಡು ಕಾಪಾ, ಗಿಡ ಬೆಳೀತಾ ಇದೆಯಲ್ಲ" ಎಂದಿದ್ದರು. ಆ ಮಾತಿಗೆ ಅವಳಿಗೆ ಇನ್ನೂ ಸಿಟ್ಟು ಬಂದಿತ್ತು. ಒಳ್ಳೆಯವರ ಒಳ್ಳೆಯತನ ನೋಡಿಕೊಂಡು ನಿಲ್ಲುವವರ ಹೊಟ್ಟೆ ಉರಿಸುತ್ತದೆ.

ಪೊರೋಶಾದ ಕೊನೆಯ ಕಾಳು ತೂಗಿ ಮುಗಿಸಿದ ವಾರ, ಅಕ್ಟೋಬರಿನಲ್ಲಿ, ವೆನಿಯಮೀನ್ ಲುಕೀಚ್ ಹೃದಯ ನಿಂತು ಸತ್ತರು. ಅರ್ಜಿ ಇನ್ನೂ ಹೋಗಿರಲಿಲ್ಲ.

ಕಾಪಾಗೆ ಅವರ ಮೇಲೆ ಪ್ರೀತಿಯಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಅವರಿಗಂತೂ ಮೊದಲೇ ಹೇಳಲಿಲ್ಲ. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಊರಿನವರು ಇವಳಿಗೂ ಅವರಿಗೂ ಮನಸ್ಸಿನಲ್ಲೇ ಮದುವೆ ಮಾಡಿ, ಮಾತಿನಲ್ಲಿ ಮಂಚ ಹಾಕಿ, ಕೊನೆಗೆ ಬೇಸರವಾಗಿ ಸುಮ್ಮನಾಗಿದ್ದರು. ಅವರಿಬ್ಬರ ನಡುವೆ ನಡೆದದ್ದು ಇಷ್ಟೇ. ಬೆಳಿಗ್ಗೆ ಆರಕ್ಕೆ ಎದುರು ಬದುರು ಸಾಲು ಹಿಡಿದು ನಡೆಯುವುದು. ಎಂಟಕ್ಕೆ ಒಂದು ಥರ್ಮಾಸಿನ ಚಹಾ ಇಬ್ಬರೂ ಕುಡಿಯುವುದು. ಅವಳಿಗೆ ಅಷ್ಟು ಸಾಕಾಗಿತ್ತು. ಸಾಕಾಗಿರಲಿಲ್ಲ ಎನ್ನುವುದು ಅವರು ಹೋದ ಮೇಲೆ ತಿಳಿಯಿತು.

ಹೊಸ ನಿರ್ದೇಶಕ ರೊದಿಯೋನ್ ಆರ್ತೆಮಿಚ್ ಪಟ್ಟಣದವನು, ಬಂದು ವರ್ಷವೂ ಆಗಿರಲಿಲ್ಲ. ನಲವತ್ತು ತುಂಬದ ವಯಸ್ಸು, ಕಿವಿಗೆ ಅಂಟಿದ ಫೋನು, ಮಾತಿಗೆ ಮುಂಚೆ ಗಡಿಯಾರ ನೋಡುವ ಚಾಳಿ. ಸತ್ತವರ ನಲವತ್ತನೆಯ ದಿನದ ಊಟಕ್ಕೆ ತಡವಾಗಿ ಬಂದ. ನಿಂತುಕೊಂಡೇ ಒಂದು ದೋಸೆ ತಿಂದ. ಗಾಡಿ ಓಡಿಸಬೇಕು ಎಂದು ವೋದ್ಕಾ ಮುಟ್ಟಲಿಲ್ಲ. ಸತ್ತವರ ಹೆಸರಿನಲ್ಲಿ ಒಂದು ಗುಟುಕು ಕುಡಿಯದವನನ್ನು ತಾಲೊವ್ಕಾ ಕ್ಷಮಿಸುವ ಊರಲ್ಲ.

ಜನವರಿಯಲ್ಲಿ ಅವನು ಅರ್ಜಿಯ ಕಾಗದಗಳನ್ನು ಕೈಗೆ ತೆಗೆದುಕೊಂಡ. ತಳಿಯ ಲಕ್ಷಣಗಳ ಹಾಳೆಯನ್ನು ಕಾಪಾಳ ಮುಂದೆ ತಳ್ಳಿದ. ಹೂವಿನ ಬಣ್ಣ, ಎಸಳಿನ ಅಂಚು, ಗಿಡದ ಎತ್ತರ, ಕಾಯಿಯ ಗಾತ್ರ, ಕಾಳಿನ ಬಣ್ಣ, ಸಾವಿರ ಕಾಳಿನ ತೂಕ ಎಂದು ಒಂದೊಂದಕ್ಕೂ ಒಂದೊಂದು ಪುಟ್ಟ ಚೌಕ. ಹದಿನಾಲ್ಕು ವರ್ಷವನ್ನು ಅವಳು ಆ ಚೌಕಗಳಿಗೆ ತುಂಬಿದಳು. ಕಡೆಯ ಚೌಕದಲ್ಲಿ 'ಗಿಡಗಳ ಏಕರೂಪತೆ' ಎಂದಿತ್ತು. ಅಲ್ಲಿ 'ಪೂರ್ಣ' ಎಂದು ಬರೆದು ಕೊಡುವಾಗ ಕೇಳಿಯೇಬಿಟ್ಟಳು.

"ರೊದಿಯೋನ್ ಆರ್ತೆಮಿಚ್, ತಳಿ ಮಾಡಿದವರು ಅಂತ ಯಾರ ಹೆಸರು ಬರೀತೀರಿ?"

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ಬರೀಬೇಕಾದವರದು ಬರೀತೀನಿ. ನಿಮ್ಮ ಹಾಳೆ ಮುಗೀತಲ್ಲ, ನೀವು ಹೊರಡಿ."

ಇನ್ನೊಂದು ಮಾತು ಕೇಳಿದ್ದರೆ ಇನ್ನೊಂದು ಉತ್ತರ ಬರುತ್ತಿತ್ತು. ಅವಳು ಕೇಳಲಿಲ್ಲ. ಎರಡು ಸಲ ಮೋಸ ಹೋದವರಿಗೆ ಮೂರನೆಯದು ಗುರುತಿನವನಂತೆ ಬಾಗಿಲಲ್ಲಿ ಕಾಣಿಸುತ್ತದೆ.

ಉಗ್ರಾಣದ ಫಾಯ್ನಾ ಅವಳ ನೆರೆಯವಳು, ಕಿವಿಯೂ ನಾಲಿಗೆಯೂ ಚೆನ್ನಾಗಿದ್ದ ಹೆಂಗಸು. ಫೆಬ್ರವರಿಯಲ್ಲಿ ಒಂದು ದಿನ ಅವಳು ಹೊಸ್ತಿಲಲ್ಲೇ ಬೂಟಿನ ಹಿಮ ಕೊಡವುತ್ತ ಶುರು ಮಾಡಿದಳು.

"ಅಲ್ಲ ಕಣೇ ಕಾಪಾ, ನಿನ್ನ ಪೊರೋಶಾನ ಯಾರು ಹೆತ್ತಿದ್ದು ಗೊತ್ತಾ?"

"ಏನೇ ಹಾಗಂದ್ರೆ?"

"ಕೀಲಿ ಕೊಡೋಕೆ ಅವನ ಕೋಣೆಗೆ ಹೋಗಿದ್ದೆ. ಅರ್ಜಿ ಮೇಜಿನ ಮೇಲೇ ಬಿದ್ದಿತ್ತು. ಮೊದಲನೇ ಹಾಳೇಲಿ ಇಷ್ಟು ದಪ್ಪ ಅಕ್ಷರದಲ್ಲಿ ಅವನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲ. ನನ್ನ ಕಣ್ಣಾರೆ ನೋಡಿದೆ."

"ವೆನಿಯಮೀನ್ ಲುಕೀಚ್ ಹೆಸರು?"

"ಇರ್ಲಿಲ್ಲ. ಒಂದ್ ಸಲಕ್ಕೆ ಎರಡ್ ಸಲ ನೋಡ್ದೆ." ಫಾಯ್ನಾ ಬೆಂಚಿನ ಮೇಲೆ ಕೂತಳು. "ಸತ್ತೋರೇನು ಎದ್ದು ಬಂದು ಕೇಳ್ತಾರಾ? ಒಂದು ಚಹಾ ಕೊಡು, ಕಾಲು ಹೆಪ್ಪುಗಟ್ಟಿದೆ."

ಫಾಯ್ನಾ ಸುಳ್ಳು ಹೇಳಿರಲಿಲ್ಲ. ಎರಡನೆಯ ಹಾಳೆ ತಿರುವಿ ನೋಡಿರಲಿಲ್ಲ, ಅಷ್ಟೆ. ಕಾಪಾ ಅವಳಿಗೆ ಚಹಾ ಕೊಟ್ಟಳು, ಜ್ಯಾಮ್ ಕೊಟ್ಟಳು. ಅವಳು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತಳು. ಅತ್ತು ಮುಗಿಸಿ ಎದ್ದಾಗ ಅವಳಿಗೆ ದುಃಖವಿರಲಿಲ್ಲ, ಹಟವಿತ್ತು.

ಮಾರ್ಚಿನಲ್ಲಿ ಬೀಜ ಕಳಿಸುವ ದಿನ ಬಂತು. ಪೊಟ್ಟಣ ಕಟ್ಟುವುದು ಎಂದಿನಿಂದಲೂ ಅವಳ ಕೈಯ ಕೆಲಸ. ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಕಿಟಕಿಯಲ್ಲಿ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ತಕ್ಕಡಿಯ ಮೇಲೆ ಪೊರೋಶಾದ ಎರಡು ಕಿಲೋ, ನುಣ್ಣಗೆ, ಕಂದು ಬಣ್ಣದಲ್ಲಿ, ಕೈಹಾಕಿದರೆ ಜಾರುವಂತೆ ಇತ್ತು. ಪಕ್ಕದ ಕಪಾಟಿನಲ್ಲಿ ಹೋಲಿಕೆಗೆಂದು ಇಟ್ಟ ಹಳೆಯ ತಳಿಯ ಬೀಜ. ಅದರದು ನೀಲಿ ಹೂವು, ಮಾಗುವುದು ತಡವಾದರೂ ಅರಳುವುದು ಪೊರೋಶಾದ ಜೊತೆಗೇ, ಕಾಳು ಮಾತ್ರ ಅದೇ ಕಂದು, ಅದೇ ನುಣುಪು. ಎರಡನ್ನೂ ಅಂಗೈಯಲ್ಲಿಟ್ಟರೆ ದೇವರಿಗೂ ವ್ಯತ್ಯಾಸ ಗೊತ್ತಾಗದು. ಅವಳು ವೋದ್ಕಾ ಕುಡಿಯುವ ಸಣ್ಣ ಗ್ಲಾಸಿನಲ್ಲಿ ಎರಡು ಗ್ಲಾಸು ಹಳೆಯ ಬೀಜ ತೆಗೆದು ಪೊರೋಶಾಗೆ ಸುರಿದಳು.

ಸುರಿದು ಕೈಯಾಡಿಸಿದಳು. ಚೆನ್ನಾಗಿ ಆಡಿಸಿದಳು, ಕೆಲಸ ಅರ್ಧಂಬರ್ಧ ಮಾಡಿ ಅವಳಿಗೆ ಅಭ್ಯಾಸವಿಲ್ಲ. ಜುಲೈಯಲ್ಲಿ ಅದು ಆಯೋಗದ ಮಡಿಯಲ್ಲಿ ಅರಳಲಿ, ರೊದಿಯೋನನ ದಪ್ಪ ಅಕ್ಷರದ ಹೆಸರಿನ ಕೆಳಗೆ ನೀಲಿ ಹೂ ಬಿಡಲಿ, ನಾಲ್ಕು ಜನ ಅವನ ಮುಖಕ್ಕೆ ನಗಲಿ ಎಂಬುದು ಅವಳ ಲೆಕ್ಕ. ಆಮೇಲೆ? ಆಮೇಲೆ ಚೊಕ್ಕ ಬೀಜ ಉಗ್ರಾಣದಲ್ಲಿ ಇದ್ದೇ ಇದೆ. ಯಾರಾದರೂ ನ್ಯಾಯವಂತರು ಬರುತ್ತಾರೆ, ಸರಿಯಾದ ಹೆಸರಿನಲ್ಲಿ ಮತ್ತೆ ಅರ್ಜಿ ಹೋಗುತ್ತದೆ. ಆ ನ್ಯಾಯವಂತರು ಯಾರು, ಎಲ್ಲಿಂದ ಬರುತ್ತಾರೆ ಎನ್ನುವುದನ್ನು ಅವಳು ಯೋಚಿಸಲಿಲ್ಲ. ಚೀಲದ ಬಾಯಿ ಹೊಲಿದಳು, ಸೀಸದ ಮುದ್ರೆ ಒತ್ತಿದಳು, ಚೀಟಿಯಲ್ಲಿ 'ಕಟ್ಟಿದವರು' ಎಂಬಲ್ಲಿ ತನ್ನ ಹೆಸರು ಬರೆದಳು.

ಜೂನಿನಲ್ಲಿ, ಸಮಾಧಿಗಳಿಗೆ ಹೋಗುವ ಶನಿವಾರ, ವೆನಿಯಮೀನ್ ಲುಕೀಚರ ಮಗಳು ಅಗ್ನಿಯಾ ಊರಿಗೆ ಬಂದಳು. ಅವಳು ದೂರದ ಪೆರ್ಮ್‌ನಲ್ಲಿ ನರ್ಸು, ಅಪ್ಪನಂತೆಯೇ ತೆಳ್ಳಗೆ, ಅಪ್ಪನಂತೆಯೇ ಮಾತಿನ ನಡುವೆ ಕನ್ನಡಕ ಒರೆಸುವವಳು. ಇಬ್ಬರೂ ಸೇರಿ ಸಮಾಧಿಯ ಸುತ್ತಿನ ಕಬ್ಬಿಣದ ಬೇಲಿಗೆ ಬಣ್ಣ ಬಳಿದರು. ಆಮೇಲೆ ಹುಲ್ಲಿನ ಮೇಲೆ ಬಟ್ಟೆ ಹಾಸಿ, ಬೇಯಿಸಿದ ಮೊಟ್ಟೆ, ಈರುಳ್ಳಿ ಸೊಪ್ಪಿನ ಕಡುಬು ಬಿಚ್ಚಿಕೊಂಡು ಕೂತರು. ಅಪ್ಪನ ಪಾಲಿಗೆ ಒಂದು ಕಡುಬನ್ನು ಕಲ್ಲಿನ ಮೇಲೆ ಇಟ್ಟರು.

"ಕಾಪಾ ಚಿಕ್ಕಮ್ಮ, ನಿಮ್ಮ ನಿರ್ದೇಶಕರು ಎಷ್ಟು ಒಳ್ಳೆಯವರು," ಎಂದಳು ಅಗ್ನಿಯಾ.

"ಯಾರು, ರೊದಿಯೋನಾ?"

"ಹೂಂ. ಡಿಸೆಂಬರ್‌ನಲ್ಲಿ ಪೆರ್ಮ್‌ಗೇ ಬಂದಿದ್ರು. ಯಾವುದೋ ಸಭೆಗೆ ಬಂದಿದ್ರಂತೆ, ಆಸ್ಪತ್ರೆ ಹುಡುಕ್ಕೊಂಡು ಬಂದು ನನ್ನ ಸಹಿ ತಗೊಂಡ್ರು. ವಾರಸುದಾರಳು ಅಂತ. ಅಪ್ಪನ ಹೆಸರಲ್ಲಿ ಅರ್ಜಿ ಹಾಕೋಕೆ ಬೇಕಂತೆ." ಅವಳು ಚೀಲದಿಂದ ಮಡಿಸಿದ ಕಾಗದ ತೆಗೆದಳು. "ನಕಲು ಕೂಡ ಕಳಿಸಿದ್ದಾರೆ, ನೋಡಿ."

ಕಾಪಾ ಎಣ್ಣೆಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಮೊದಲ ಹಾಳೆಯಲ್ಲಿ ಅರ್ಜಿ ಸಲ್ಲಿಸುವ ಸಂಸ್ಥೆ, ಅದರ ಪರವಾಗಿ ನಿರ್ದೇಶಕನ ಹೆಸರು, ದಪ್ಪ ಅಕ್ಷರದಲ್ಲಿ. ಎರಡನೆಯ ಹಾಳೆಯಲ್ಲಿ, ತಳಿಯನ್ನು ಸೃಷ್ಟಿಸಿದವರು ಎಂಬಲ್ಲಿ, ಒಂದೇ ಒಂದು ಹೆಸರು. ವೆನಿಯಮೀನ್ ಲುಕೀಚ್ ಒಬೋದೊವ್.

"ನಾನೇ ಅವರನ್ನ ಕೇಳ್ದೆ, ನಿಮ್ಮ ಹೆಸರೂ ಸೇರಿಸೋದಿಲ್ವಾ ಅಂತ," ಅಗ್ನಿಯಾ ಹೇಳುತ್ತಿದ್ದಳು. "ನಾನು ಬಂದಿದ್ದು ನಿನ್ನೆ, ಅದರಲ್ಲಿ ನನ್ನದೇನಿದೆ ಅಂದ್ರು. ಕಪಿತೊಲೀನಾಗೆ ಈಗಲೇ ಹೇಳ್ಬೇಡಿ, ಪ್ರಮಾಣಪತ್ರ ಬಂದಾಗ ಅವರ ಕೈಯಿಂದಲೇ ಗೋಡೆಗೆ ಹಾಕಿಸ್ತೀನಿ ಅಂದ್ರು. ನಾನು ಹೇಳಿಬಿಟ್ಟೆ ನೋಡಿ, ನನ್ನ ಬಾಯಿ ನಿಲ್ಲೋದಿಲ್ಲ. ಚಿಕ್ಕಮ್ಮ? ಯಾಕೆ, ಏನಾಯ್ತು? ನೀರು ಕೊಡ್ಲಾ?"

"ಬಿಸಿಲು," ಎಂದಳು ಕಾಪಾ. "ಬಿಸಿಲು ಕಣಮ್ಮ."

ಅಗ್ನಿಯಾ ಅವಳನ್ನು ತಬ್ಬಿಕೊಂಡು, ಅಪ್ಪನ ಹೆಸರು ಉಳಿಯೋದು ನಿಮ್ಮಿಂದಲೇ, ನೀವಿಲ್ಲದೆ ಆ ತಳಿ ಎಲ್ಲಿತ್ತು ಎಂದು ಅತ್ತಳು. ಕಾಪಾ ಆ ಅಪ್ಪುಗೆಯಲ್ಲಿ ಕೊರಡಿನಂತೆ ಕೂತಿದ್ದಳು.

ಆಗಲೇ ಹೇಳಬಹುದಿತ್ತು. ಇಷ್ಟು ಸಿಟ್ಟಿದ್ದ ಹೆಂಗಸು ಅಷ್ಟು ಧೈರ್ಯವನ್ನೂ ಇಟ್ಟುಕೊಂಡಿರಬೇಕಿತ್ತು. ಅದರ ಬದಲು ಅವಳು ಮನೆಗೆ ಬಂದು ದಿನ ಎಣಿಸಿದಳು. ಆಯೋಗದವರು ಮೇ ಮಧ್ಯದಲ್ಲಿ ಬಿತ್ತಿದ್ದಾರೆ. ಹೂ ಬಿಡುವವರೆಗೂ ಯಾವ ಗಿಡ ಯಾವುದೆಂದು ಯಾರಿಗೂ ತಿಳಿಯದು, ಅವಳಿಗೂ ತಿಳಿಯದು. ಹೂಬಿಟ್ಟ ಮೊದಲ ಬೆಳಿಗ್ಗೆ, ಯಾರೂ ಬರುವ ಮುಂಚೆ ಅಲ್ಲಿಗೆ ಹೋದರೆ? ಕೀಳುವುದು ತಾನೆ? ಅದನ್ನು ಅವಳಿಗಿಂತ ಚೆನ್ನಾಗಿ ಯಾರು ಮಾಡುತ್ತಾರೆ? ಎರಡು ಗಂಟೆ ಸಿಕ್ಕರೆ ಒಂದು ನೀಲಿ ಗಿಡ ಉಳಿಯದು. ಮಾಡಿದ್ದನ್ನು ಯಾರಿಗೂ ಗೊತ್ತಾಗದಂತೆ ಕಿತ್ತು ಚೀಲಕ್ಕೆ ತುಂಬಿ ತಂದುಬಿಡಬಹುದು ಎಂದು ಅವಳು ನಂಬಿದಳು. ನಂಬಿ ಮೂರು ವಾರ ನಿದ್ದೆಗೆಟ್ಟಳು.

ಆಯೋಗದ ಹೊಲ ನಲವತ್ತು ಕಿಲೋಮೀಟರ್ ದೂರ, ನದಿಯ ಆಚೆ. ಜುಲೈ ಐದರಂದು ತಮ್ಮ ಕೇಂದ್ರದ ಮಡಿಯಲ್ಲಿ ಮೊದಲ ಹೂ ಕಂಡಿತು. ಆರರಂದು ಅವಳು ಮೊದಲ ಬಸ್ಸು ಹಿಡಿದಳು. ಬಗಲಲ್ಲಿ ಅದೇ ಹಳೆಯ ಚೀಲ. ಬಸ್ಸು ಇಳಿದು ಹೊಲದ ದಾರಿ ನಡೆದು ತಂತಿಬೇಲಿಯ ಹತ್ತಿರ ಬಂದಾಗ ಏಳು ಗಂಟೆ. ದೂರದಿಂದಲೇ ಪೊರೋಶಾದ ಮಡಿ ಬೆಳ್ಳಗೆ ಕಂಡಿತು. ಆ ಬಿಳಿಯ ಉದ್ದಕ್ಕೂ ನೀಲಿ ಚುಕ್ಕೆಗಳು, ಒಂದೊಂದು ಚುಕ್ಕೆಯ ಪಕ್ಕದಲ್ಲೂ ಒಂದೊಂದು ಕಡ್ಡಿ ನೆಟ್ಟಿತ್ತು. ಆಗಲೇ ಎಣಿಸಿ ಮುಗಿಸಿದ್ದರು.

"ಅರೆ, ಕಪಿತೊಲೀನಾ ಸವೇಲ್ಯೆವ್ನಾ! ಬಸ್ಸಲ್ಲಿ ಬಂದ್ರಾ?" ಮಡಿಯ ನಡುವಿನಿಂದ ಎದ್ದು ಬಂದವಳು ಆಯೋಗದ ಪರಿವೀಕ್ಷಕಿ ಜೋಯಾ ಗ್ಲೆಬೊವ್ನಾ. ದಪ್ಪ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು, ಇಪ್ಪತ್ತು ವರ್ಷದ ಪರಿಚಯ. "ನಿನ್ನೆಯೇ ಇಲ್ಲಿ ಹೂ ಬಿಡ್ತು. ನಿನ್ನೆ ಮಧ್ಯಾಹ್ನ ನಿಮ್ಮ ನಿರ್ದೇಶಕರಿಗೆ ಫೋನ್ ಮಾಡಿದ್ದೆ. ಎಂಟಕ್ಕೆ ಬರ್ತೀನಿ ಅಂದ್ರು. ನಿಮ್ಮನ್ನ ಮೊದಲೇ ಕಳಿಸಿಬಿಟ್ರಾ?"

"ಹೂಂ," ಎಂದಳು ಕಾಪಾ. ಸುಳ್ಳು ಎಷ್ಟು ಹಗುರಾಗಿ ಬಂತೆಂದರೆ ಅವಳಿಗೇ ಗೊತ್ತಾಗಲಿಲ್ಲ.

ಎಂಟಕ್ಕೆ ರೊದಿಯೋನ್ ಬಂದ. ಕಾರಿನ ಬಾಗಿಲು ಮುಚ್ಚುವುದನ್ನೂ ಮರೆತು ಮಡಿಯ ಅಂಚಿಗೆ ಬಂದು ನಿಂತ. ಅವನ ಫೋನು ಎರಡು ಸಲ ಬಡಿದುಕೊಂಡಿತು, ಎತ್ತಲಿಲ್ಲ.

"ಎಷ್ಟು?" ಎಂದ.

"ನೂರಕ್ಕೆ ಮೂರು," ಎಂದಳು ಜೋಯಾ ಗ್ಲೆಬೊವ್ನಾ. "ಕಟ್ಟಳೆ ದಾಟಿ ಎಲ್ಲೋ ಹೋಗಿದೆ. ಉಳಿದ ಲಕ್ಷಣ ಎಲ್ಲ ಬರೆದ ಹಾಗೇ ಇದೆ, ಎತ್ತರ, ಎಲೆ, ಹೂ ಬಿಟ್ಟ ದಿನ ಎಲ್ಲ. ಇಂಥ ತಳಿ ನಾನು ಹತ್ತು ವರ್ಷದಿಂದ ನೋಡಿಲ್ಲ. ಹೊಟ್ಟೆ ಉರಿಯತ್ತೆ." ಅವಳು ಕಾಪಾಳ ಕಡೆ ತಿರುಗಿದಳು. "ಅದಕ್ಕೇ ಬರೆಯೋ ಮುಂಚೆ ಕೇಳೋಣ ಅಂತ ಕರೆದೆ. ಪೊಟ್ಟಣ ಕಟ್ಟೋವಾಗ ಬೇರೆ ಬೀಜ ಬೆರೀತಾ? ಆಗತ್ತೆ, ಮನುಷ್ಯರು ತಾನೆ ಕಟ್ಟೋದು. ಹಾಗಿದ್ರೆ ಹೇಳಿಬಿಡಿ. ಕಟ್ಟಿದವರ ತಪ್ಪು ಅಂತ ಬರೀತೀನಿ, ಬರೋ ವಸಂತಕ್ಕೆ ಚೊಕ್ಕ ಬೀಜ ಕೊಡಿ, ಒಂದು ವರ್ಷ ತಡ, ಅಷ್ಟೆ. ತಳಿಯಲ್ಲೇ ಬೆರಕೆ ಇದೆ ಅಂತಾದ್ರೆ ಮಾತ್ರ ಮುಗೀತು. ಏಕರೂಪತೆ ಪೂರ್ಣ ಅಂತ ಬರೆದುಕೊಟ್ಟಿದ್ದೀರಿ, ಸುಳ್ಳು ಲಕ್ಷಣ ಅಂತ ಅರ್ಜಿ ಬಿದ್ದುಹೋಗತ್ತೆ. ಆ ಹೆಸರಲ್ಲಿ ಮತ್ತೆ ತಗೊಳ್ಳೋದಿಲ್ಲ."

ಪಾರಾಗುವ ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಬೆರೆಸಿದೆ ಎಂದು ಹೇಳುವುದೂ ಬೇಡ, ಬೆರೆಯಿತು ಎಂದರೆ ಸಾಕು. ಕೈತಪ್ಪಿತು, ವಯಸ್ಸಾಯಿತು, ದುಃಖದಲ್ಲಿದ್ದೆ. ಕಾಪಾ ಬಾಯಿ ತೆರೆದಳು. ಅಷ್ಟರಲ್ಲಿ ರೊದಿಯೋನ್ ಮಧ್ಯೆ ಬಂದ.

"ಏನು ಮಾತು ಅಂತ ಆಡ್ತೀರಿ ಜೋಯಾ ಗ್ಲೆಬೊವ್ನಾ? ಇವರ ಕೈಯಲ್ಲಿ ಬೀಜ ಬೆರೆಯೋದಾ? ಇಪ್ಪತ್ತೇಳು ವರ್ಷದಲ್ಲಿ ಇವರ ಪೊಟ್ಟಣದಲ್ಲಿ ಒಂದು ಕಾಳು ಬೇರೆ ಬಂದದ್ದುಂಟಾ? ವೆನಿಯಮೀನ್ ಲುಕೀಚ್ ನನಗೆ ಮೊದಲನೇ ದಿನವೇ ಹೇಳಿದ್ರು, ಈ ಕೇಂದ್ರದಲ್ಲಿ ಎಲ್ಲರ ಮೇಲೂ ಅನುಮಾನ ಪಡು, ಕಾಪಾ ಮೇಲೆ ಪಡಬೇಡ ಅಂತ."

"ನನಗೂ ಹಾಗೇ ಅನ್ಸತ್ತೆ," ಎಂದಳು ಜೋಯಾ ಗ್ಲೆಬೊವ್ನಾ. "ಆದ್ರೆ ಕೇಳಲೇಬೇಕಲ್ಲ. ಕಪಿತೊಲೀನಾ ಸವೇಲ್ಯೆವ್ನಾ, ನೀವೇ ಹೇಳಿ."

ಇಬ್ಬರೂ ಅವಳನ್ನೇ ನೋಡುತ್ತಿದ್ದರು, ಗೌರವದಿಂದ. ಅದೇ ಅವಳನ್ನು ಕೆಡಿಸಿತು. ಗದರಿಸಿದ್ದರೆ ಹೇಳಿಬಿಡುತ್ತಿದ್ದಳೇನೋ. ಇಪ್ಪತ್ತೇಳು ವರ್ಷದಲ್ಲಿ ಅವಳು ಗಂಡ ಮಕ್ಕಳನ್ನು ಕಂಡವಳಲ್ಲ, ಮನೆ ಕಟ್ಟಿದವಳಲ್ಲ. ಅವಳ ಹತ್ತಿರ ಇದ್ದದ್ದು ಆ ಕಣ್ಣು, ಆ ಕೈ, ಕಾಪಾ ನಡೆದ ಸಾಲು ಎಂಬ ಮಾತು. ಅದನ್ನು ಈ ಬೇಲಿಯ ಹತ್ತಿರ ಇವರ ಕಾಲ ಬಳಿ ಇಟ್ಟು ಬರಿಗೈಯಲ್ಲಿ ತಾಲೊವ್ಕಾಗೆ ಹೋಗಬೇಕು. ವೆನಿಯಮೀನ್ ಲುಕೀಚರ ಹೆಸರು ಅಥವಾ ತನ್ನ ಹೆಸರು. ಹೀಗೆ ಎದುರಿಗಿಟ್ಟು ಕೇಳಿದರೆ ಪ್ರೀತಿಸುವವರು ಏನು ಆರಿಸುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಕೈಯಲ್ಲಿ ಬೆರೆತಿಲ್ಲ," ಎಂದಳು. "ಮೊದಲಿಂದಲೂ ಇತ್ತು."

"ಏನು ಇತ್ತು?"

"ನೀಲಿ. ವರ್ಷ ವರ್ಷ ಬರ್ತಿತ್ತು. ನಾನು ಕಿತ್ತು ಹಾಕ್ತಿದ್ದೆ. ನನ್ನ ಕೆಲಸವೇ ಅದಲ್ಲವಾ? ಅದಕ್ಕೇ ನಮ್ಮ ಮಡಿಯಲ್ಲಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಕೀಳೋರಿಲ್ಲ, ಬಂತು."

ಜೋಯಾ ಗ್ಲೆಬೊವ್ನಾ ಪೆನ್ನನ್ನು ತುಟಿಗೆ ಒತ್ತಿಕೊಂಡಳು. ರೊದಿಯೋನ್ ಒಂದು ಹೆಜ್ಜೆ ಮುಂದೆ ಬಂದ.

"ಅವರಿಗೆ ಗೊತ್ತಿರಲಿಲ್ಲ ಅಲ್ವಾ?" ಎಂದ. ಕೇಳಿದ ಎನ್ನುವುದಕ್ಕಿಂತ ಬೇಡಿದ. "ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ಅವರಿಗೆ ಕಾಣ್ತಿರಲಿಲ್ಲ. ಅಷ್ಟೇ ತಾನೆ?"

ಇದೂ ಒಂದು ಬಾಗಿಲು, ಮೊದಲನೆಯದಕ್ಕಿಂತ ಸಣ್ಣದು. ಹೌದು ಎಂದಿದ್ದರೆ ಸತ್ತವರಿಗೆ ಕುರುಡು ಎಂಬ ಹೆಸರಾದರೂ ಉಳಿಯುತ್ತಿತ್ತು. ಆದರೆ ಕುರುಡರ ಪಕ್ಕದಲ್ಲಿ ಕಣ್ಣಿದ್ದವಳು ಏಕೆ ಹೇಳಲಿಲ್ಲ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಅವಳು ಅದನ್ನೂ ಕಂಡಳು. ಅವಳಿಗೆ ಎಲ್ಲವೂ ಬೇಗ ಕಾಣುತ್ತಿತ್ತು.

"ಗೊತ್ತಿತ್ತು," ಎಂದಳು. "ಕೀಳು ಅಂದವರೇ ಅವರು. ಒಂದೂ ಉಳಿಯಬಾರದು ಕಾಪಾ ಅಂತಿದ್ರು."

ಆ ಮಾತನ್ನು ಅವರು ಆಡಿದ್ದು ನಿಜ. ಪಕ್ಕದ ಮಡಿಗಳಿಂದ ಬಂದು ಸೇರಿದ ಒಂದೆರಡು ಬಿಡಿ ಗಿಡಗಳ ಬಗ್ಗೆ ಪ್ರತಿ ಜುಲೈ ಆಡುತ್ತಿದ್ದರು, ಥರ್ಮಾಸಿನ ಮುಚ್ಚಳ ತಿರುಗಿಸುತ್ತ, ನಗುತ್ತ.

ಜೋಯಾ ಗ್ಲೆಬೊವ್ನಾ ನಿಧಾನವಾಗಿ ಬರೆದಳು. ತಳಿಯ ದೋಷ, ತಳಿಗಾರರಿಗೆ ತಿಳಿದಿದ್ದೂ ಮರೆಮಾಚಿದ್ದು, ಅರ್ಜಿ ತಿರಸ್ಕೃತ. ಇಂಥ ಮನುಷ್ಯ ಹೀಗೆ ಮಾಡ್ತಾರೆ ಅಂತ ಯಾರು ಅಂದ್ಕೊಂಡಿದ್ರು ಎಂದು ತಲೆಯಾಡಿಸಿದಳು. ಕೆಳಗೆ ಸಾಕ್ಷಿಯ ಸಹಿ ಬೇಕಿತ್ತು. ಕಾಪಾ ಹಾಕಿದಳು, ಪೊಟ್ಟಣದ ಚೀಟಿಯಲ್ಲಿ ಹಾಕುವಷ್ಟೇ ದುಂಡಗೆ.

ವಾಪಸು ಹೋಗುವಾಗ ರೊದಿಯೋನ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡ. ಕಾರು ನದಿಯ ಸೇತುವೆ ದಾಟಿತು. ಆಮೇಲೆ ಹೇಳಿದ, ಅಗಸೆ ವಿಭಾಗವನ್ನು ಉಳಿಸಿಕೊಳ್ಳಲು ತನಗೆ ಈ ತಳಿಯೊಂದೇ ಆಧಾರವಾಗಿತ್ತು, ಇನ್ನು ಮೇಲಿನವರು ಮುಚ್ಚಿಸುತ್ತಾರೆ, ಆ ಹೊಲಕ್ಕೆ ಸೋಯಾ ಬರುತ್ತದೆ.

ಕೇಂದ್ರ ತಲುಪಿದ ಮೇಲೆ ಅವನು ತಾನೇ ಚಹಾ ಮಾಡಿ ತಂದು ಅವಳ ಮುಂದಿಟ್ಟ. ಎರಡು ಚಮಚ ಸಕ್ಕರೆ ಹಾಕಿ ಕಲಸಿಯೂ ಕೊಟ್ಟ.

"ನಿಮ್ಮನ್ನ ನೋಡಿದ್ರೆ ಸಂಕಟ ಆಗತ್ತೆ," ಎಂದ. "ಅವರನ್ನ ನೀವು ಎಷ್ಟು ಗೌರವಿಸ್ತಿದ್ರಿ ಅಂತ ನನಗೆ ಗೊತ್ತು. ಅವರ ವಿರುದ್ಧ ನಿಜ ಹೇಳೋದು ನಿಮಗೆ ಎಷ್ಟು ಕಷ್ಟ ಆಗಿರಬೇಕು. ನನ್ನ ಕೈಲಿ ಆಗ್ತಿರಲಿಲ್ಲ. ನಾನಾಗಿದ್ರೆ ಸುಳ್ಳು ಹೇಳಿ ಅವರನ್ನ ಉಳಿಸಿಬಿಡ್ತಿದ್ದೆ."

ಅವಳು ಚಹಾ ಕುಡಿದಳು. ಬಿಸಿಯಾಗಿತ್ತು, ಸಿಹಿಯಾಗಿತ್ತು, ಗಂಟಲಲ್ಲಿ ಇಳಿಯಿತು. ಇಳಿಯದೆ ನಿಲ್ಲುತ್ತದೆ ಎಂದುಕೊಂಡಿದ್ದಳು.

"ಇನ್ನೊಂದು ಕೆಲಸ ಇದೆ, ಕೇಳೋಕೆ ನಾಚಿಕೆ ಆಗತ್ತೆ," ಎಂದ ರೊದಿಯೋನ್. "ಅವರ ಮಗಳಿಗೆ ತಿಳಿಸಬೇಕು. ನಾನು ತಿಳಿಸಿದ್ರೆ ನಂಬೋದಿಲ್ಲ, ಅಪ್ಪನ ಹೆಸರು ಕೆಡಿಸ್ತಿದ್ದಾನೆ ಅಂದ್ಕೊಳ್ತಾಳೆ. ನೀವು ಬರೆದ್ರೆ ನಂಬ್ತಾಳೆ."

ಅವನು ಬಿಳಿ ಕಾ‌ಗದ ತಂದಿಟ್ಟು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಕಾಪಾ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಪೆನ್ನು ತೆಗೆದು, ಮೇಲೆ ತಾರೀಖು ಹಾಕಿ, 'ಮುದ್ದಿನ ಅಗ್ನಿಯಾ, ನಿನ್ನ ತಂದೆಯ ವಿಷಯದಲ್ಲಿ ನಾನು ನಿನಗೆ ಒಂದು ನಿಜ ಹೇಳಬೇಕು' ಎಂದು ಬರೆಯಲು ಶುರು ಮಾಡಿದಳು.